ಬೇಟೆನಾಯಿ ಕಡಲು ದಾಟಿದರೆ...

ಸುಗ್ಗಿ ಮುಗಿದ ಹೊಲ. ಜೋಳದ ಕೂಳೆಯ ಮೇಲೆ ಇನ್ನೂ ಇಬ್ಬನಿ ಆರಿಲ್ಲ. ಅಥಣಿಯಿಂದ ಕಾಗವಾಡದ ಕಡೆಗೆ ಹೋಗುವ ದಾರಿಯ ಬದಿಯಲ್ಲಿ ಸಣಕಲು ಮೈಯ, ಉದ್ದ ಕಾಲಿನ ನಾಯಿಯೊಂದು ಒಮ್ಮೆಲೆ ಕಿವಿ ನಿಮಿರಿಸಿ ನಿಲ್ಲುತ್ತದೆ. ನೂರು ಮಾರು ದೂರದ ಬದುವಿನಲ್ಲಿ ಏನೋ ಕದಲಿದೆ. ಮರುಗಳಿಗೆಗೆ ಮೊಲ ಚಿಮ್ಮುತ್ತದೆ, ನಾಯಿ ಬಾಣದಂತೆ ಹಾರುತ್ತದೆ. ಹುಡುಗರು ಕೇಕೆ ಹಾಕುತ್ತಾರೆ. ಮುದುಕರು ಹಣೆಗೆ ಕೈ ಹಚ್ಚಿ ನೋಡುತ್ತಾರೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯಲ್ಲಿ ಬೆಳೆದವರಿಗೆ ಈ ನೋಟ ಹೊಸದಲ್ಲ.

ಆದರೆ ಇದೇ ನೋಟ ಇಂಗ್ಲೆಂಡಿನ ಗೋಧಿ ಹೊಲದಲ್ಲೋ ಜರ್ಮನಿಯ ಕಾಡಂಚಿನಲ್ಲೋ ನಡೆದರೆ? ನಾಯಿಯ ಹಗ್ಗ ಬಿಚ್ಚಿದವನು ನ್ಯಾಯಾಲಯದ ಕಟ್ಟೆ ಹತ್ತಬೇಕಾದೀತು. ನಾಯಿಯನ್ನೇ ಕಳೆದುಕೊಳ್ಳಬೇಕಾದೀತು. ಅದಕ್ಕಿಂತ ದೊಡ್ಡ ಮಾತೆಂದರೆ, ಅಥಣಿಯ ಹೊಲದಲ್ಲಿ ನಡೆದರೂ ಅದು ಅಪರಾಧವೇ! ಈ ಎರಡನೆಯ ಸಂಗತಿ ಎಷ್ಟು ಮನೆಗಳಲ್ಲಿ ಗೊತ್ತಿದೆ?

ಈಗ ಈ ಗಡಿ ತಾಲ್ಲೂಕುಗಳ ಮಕ್ಕಳು ಎಂಜಿನಿಯರಿಂಗ್, ವೈದ್ಯಕೀಯ ಓದಲು, ನೌಕರಿ ಮಾಡಲು ಪರದೇಶಕ್ಕೆ ಹೊರಡುತ್ತಿದ್ದಾರೆ. ಹೊರಡುವ ಮುನ್ನ ಮನೆಯಲ್ಲಿ ನಡೆಯುವ ಮಾತುಕತೆಯಲ್ಲಿ ಪಾಸ್‌ಪೋರ್ಟು, ವೀಸಾ, ಬ್ಯಾಂಕಿನ ಸಾಲ, ಉಪ್ಪಿನಕಾಯಿ, ಚಟ್ನಿಪುಡಿ ಎಲ್ಲ ಬರುತ್ತವೆ. ಒಮ್ಮೊಮ್ಮೆ ಅಂಗಳದಲ್ಲಿ ಮಲಗಿದ ನಾಯಿಯ ಮಾತೂ ಬರುತ್ತದೆ. ರಾಯಬಾಗದ ಕಡೆಯ ಇಂಥದೊಂದು ಮನೆಯನ್ನು ಕಲ್ಪಿಸಿಕೊಳ್ಳಿ. "ಅಪ್ಪಾ, ಇದನ್ನೂ ಕರಕೊಂಡು ಹೋಗಾಕ ಬರತೈತೇನು?" ಎಂದು ಮಗ ಕೇಳುತ್ತಾನೆ. ಅಪ್ಪ ವಿಮಾನದ ಖರ್ಚಿನ ಲೆಕ್ಕ ಹಾಕುತ್ತಾನೆ. ಮೂಲೆಯಲ್ಲಿ ಕುಳಿತ ಅಜ್ಜನ ಪ್ರಶ್ನೆಯೇ ಬೇರೆ. "ಅಲ್ಲೆ ಹೊಲದಾಗ ಬಿಟ್ರ ಯಾರೂ ಏನೂ ಅನ್ನಂಗಿಲ್ಲೇನೋ ತಮ್ಮಾ?"

ಅಜ್ಜನ ಪ್ರಶ್ನೆಯೇ ನಿಜವಾದ ಪ್ರಶ್ನೆ.

ಕಣ್ಣಿನಿಂದ ಬೇಟೆಯಾಡುವ ಜಾತಿ

ರಾಯಬಾಗದಿಂದ ಮಹಾಲಿಂಗಪುರ ದಾಟಿ ಹೋದರೆ ಮುಧೋಳ. ಅಥಣಿಯವರಿಗೆ ಕೃಷ್ಣೆ ದಾಟಿ ಜಮಖಂಡಿಯ ಮೇಲೆ ಹಾದಿ. ಆ ಊರಿನ ಹೆಸರು ಹೊತ್ತ ನಾಯಿ ಬೆಳಗಾವಿ ಜಿಲ್ಲೆಯ ಉತ್ತರ ತಾಲ್ಲೂಕುಗಳಿಗೂ ಗಡಿಯಾಚೆಯ ಸಾಂಗಲಿ, ಸೊಲ್ಲಾಪುರ ಸೀಮೆಗೂ ಪರಿಚಿತ. ಮಹಾರಾಷ್ಟ್ರದ ಜನ ಇದನ್ನು ಕಾರವಾನಿ ಎನ್ನುತ್ತಾರೆ. ಕಿವಿ, ಬಾಲಗಳಲ್ಲಿ ರೇಷ್ಮೆಯಂಥ ಕೂದಲಿದ್ದರೆ ಅದು ಪಶ್ಮಿ.

ನಾಯಿಗಳಲ್ಲಿ ವಾಸನೆ ಹಿಡಿದು ಬೇಟೆಯಾಡುವ ಜಾತಿ ಬೇರೆ, ಕಣ್ಣಿನಿಂದ ನೋಡಿ ಬೆನ್ನಟ್ಟುವ ಜಾತಿ ಬೇರೆ. ಮುಧೋಳ ನಾಯಿ ಎರಡನೆಯ ಗುಂಪಿನದು. ಇಂಗ್ಲೆಂಡಿನ ಗ್ರೇಹೌಂಡ್, ಅರಬ್ ನಾಡಿನ ಸಲೂಕಿ, ಅಫ್ಘಾನ್ ಹೌಂಡ್ ಇದೇ ಗುಂಪಿನವು. ಆಳವಾದ ಎದೆ, ಒಳಸೇರಿದ ಹೊಟ್ಟೆ, ಬಿಲ್ಲಿನಂತೆ ಬಾಗುವ ಬೆನ್ನು, ಎಲ್ಲವೂ ಓಟಕ್ಕೆಂದೇ ಆದ ಮೈಕಟ್ಟು. ಎದುರಿಗೆ ಏನಾದರೂ ಓಡಿದರೆ ಬೆನ್ನು ಹತ್ತುವುದು ಇದರ ರಕ್ತದಲ್ಲೇ ಬಂದ ಗುಣ. ಒಮ್ಮೆ ಓಡತೊಡಗಿದ ಮೇಲೆ ಒಡೆಯನ ಕೂಗು ಕಿವಿಗೆ ಬೀಳುವುದೂ ಕಷ್ಟ. ಮುಂದೆ ಬರುವ ಕಾನೂನಿನ ಎಲ್ಲ ತೊಡಕಿಗೂ ಮೂಲ ಇಲ್ಲಿದೆ.

ಇದಕ್ಕೆ ಹೆಸರು ತಂದವರು ಮುಧೋಳ ಸಂಸ್ಥಾನದ ರಾಜ ಮಾಲೋಜಿರಾವ್ ಘೋರ್ಪಡೆ. ಸುತ್ತಲಿನ ಬೇಡರ ಬಳಿಯಿದ್ದ ಬೇಟೆನಾಯಿಗಳ ಚುರುಕುತನ ಕಂಡು ಆ ತಳಿಯನ್ನು ಅವರು ಜತನದಿಂದ ಬೆಳೆಸಿದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ದೊರೆ ಐದನೆಯ ಜಾರ್ಜ್‌ಗೆ ಒಂದು ಜೋಡಿ ನಾಯಿಗಳನ್ನು ಕಾಣಿಕೆಯಾಗಿ ಕೊಟ್ಟರೆಂದೂ, 'ಮುಧೋಳದ ಹೌಂಡ್' ಎಂಬ ಹೆಸರು ಆಗ ಅಲ್ಲಿಂದಲೇ ಬಂದಿತೆಂದೂ ಹೇಳುತ್ತಾರೆ. ಅಂದರೆ ಈ ಸೀಮೆಯ ಬೇಟೆನಾಯಿ ಕಡಲು ದಾಟಿ ನೂರು ವರ್ಷದ ಮೇಲಾಯಿತು. ಆಗ ಅದು ಹೋದದ್ದು ಬೇಟೆಯನ್ನು ರಾಜರ ಆಟವೆಂದು ತಿಳಿದಿದ್ದ ನಾಡಿಗೆ. ಇಂದು ಅದೇ ನಾಡಿನಲ್ಲಿ ಆ ಆಟಕ್ಕೆ ನಿಷೇಧವಿದೆ.

2005ರ ಜನವರಿಯಲ್ಲಿ ಭಾರತೀಯ ಅಂಚೆ ಇಲಾಖೆ ದೇಶದ ನಾಲ್ಕು ನಾಯಿ ತಳಿಗಳ ಅಂಚೆಚೀಟಿ ಹೊರಡಿಸಿದಾಗ ಮುಧೋಳ ನಾಯಿಗೂ ಅದರಲ್ಲಿ ಜಾಗ ಸಿಕ್ಕಿತು. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಅಲ್ಲಿಂದ ಮರಿಗಳು ಭಾರತೀಯ ಸೇನೆಗೂ ಹೋಗಿವೆ. ಬೇಟೆಯೊಂದನ್ನು ಬಿಟ್ಟರೆ ಈ ನಾಯಿಗೆ ಬೇರೆ ಬಾಳಿಲ್ಲ ಎನ್ನುವವರಿಗೆ ಇದೇ ಉತ್ತರ.

ಕಲ್ಲಿನಲ್ಲಿ ನಿಂತ 'ಕಾಳಿ'

ಕನ್ನಡ ನಾಡಿನಲ್ಲಿ ಬೇಟೆನಾಯಿಯ ಗೌರವ ಇಂದು ನಿನ್ನೆಯದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವನ್ನು ಇತಿಹಾಸದ ವಿದ್ಯಾರ್ಥಿಗಳು ಕೇಳಿರುತ್ತಾರೆ. ಸುಮಾರು 949-50ರ ಕಾಲ. ತಕ್ಕೋಲದ ಯುದ್ಧದಲ್ಲಿ ಚೋಳರ ವಿರುದ್ಧ ಮೆರೆದ ಮಣಲೆರ ಎಂಬ ವೀರನಿಗೆ ಬೇಕಾದ್ದನ್ನು ಕೇಳು ಎಂದಾಗ, ಅವನು ಊರನ್ನಾಗಲಿ ಹೊನ್ನನ್ನಾಗಲಿ ಕೇಳಲಿಲ್ಲ. 'ಕಾಳಿ' ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಆ ನಾಯಿ ಮುಂದೆ ದೊಡ್ಡ ಹಂದಿಯೊಂದರ ಜೊತೆ ಸೆಣಸಿತು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ದೂರದ ಮಂಡ್ಯವೇಕೆ, ಕಾಗವಾಡದ ಹತ್ತಿರದ ಮಂಗಸೂಳಿಯ ಖಂಡೋಬನ ಗುಡಿಗೆ ಎರಡೂ ರಾಜ್ಯಗಳ ಭಕ್ತರು ನಡೆದುಕೊಳ್ಳುತ್ತಾರೆ. ಖಂಡೋಬನೆಂದರೆ ಕನ್ನಡಿಗರ ಮೈಲಾರಲಿಂಗ. ಅವನ ಜೊತೆ ಕುದುರೆಯಂತೆ ನಾಯಿಯೂ ಇರಲೇಬೇಕು. ಆ ದೇವರ ಒಕ್ಕಲಿನವರು ನಾಯಿಗೆ ಕೈ ಎತ್ತುವುದಿಲ್ಲ.

ಬೇಟೆಯ ಆಚರಣೆಯೂ ಹಬ್ಬಗಳ ಜೊತೆ ಬೆಸೆದುಕೊಂಡಿತ್ತು. ಉತ್ತರ ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಹೋಳಿ, ಯುಗಾದಿಗಳ ಸುತ್ತಮುತ್ತ ಊರ ಗಂಡಸರು ಕೂಡಿ ಬೇಟೆಗೆ ಹೋಗುವ ಪದ್ಧತಿಯಿತ್ತು. ಚಿತ್ರದುರ್ಗ ಸೀಮೆಯ ಕೆಲವು ಹಳ್ಳಿಗಳಲ್ಲಿ ಸಂಕ್ರಾಂತಿಗೆ ಮೊಲ ಹಿಡಿದು, ಪೂಜಿಸಿ, ಕಿವಿಗೆ ಓಲೆ ಹಾಕಿ ಮತ್ತೆ ಬಿಡುವ ವಾಡಿಕೆ ಇದೆ. ಹಂಪೆಯ ಕತೆಯಲ್ಲಂತೂ ಮೊಲವೇ ತಿರುಗಿ ಬಿದ್ದು ಬೇಟೆನಾಯಿಗಳನ್ನು ಅಟ್ಟಿತು. ಆ ಗಂಡುಮೆಟ್ಟಿದ ನೆಲದಲ್ಲೇ ವಿಜಯನಗರ ಎದ್ದಿತು ಎಂದು ನಾಲ್ಕನೆಯ ಇಯತ್ತೆಯ ಹುಡುಗರೂ ಹೇಳುತ್ತಾರೆ. ನಾಯಿ, ಮೊಲ ಎರಡಕ್ಕೂ ಮರ್ಯಾದೆ ಕೊಟ್ಟ ನಾಡು ಇದು.

ಕಾನೂನು ಬಂದ ದಾರಿ

ಬೇಟೆಗಾರರು ಮತ್ತು ಕಾನೂನು ಎಂದಕೂಡಲೇ ವಿದ್ಯಾರ್ಥಿಗಳಿಗೆ ನೆನಪಾಗುವುದು ಹಲಗಲಿಯ ಬೇಡರ ಲಾವಣಿ. ಹಲಗಲಿ ಇರುವುದೂ ಮುಧೋಳ ತಾಲ್ಲೂಕಿನಲ್ಲೇ. 1857ರಲ್ಲಿ ಬ್ರಿಟಿಷರು ಹತಾರ ಒಪ್ಪಿಸಬೇಕೆಂಬ ಕಾಯಿದೆ ತಂದಾಗ, ಹತಾರವನ್ನೇ ನಂಬಿ ಬದುಕಿದ್ದ ಬೇಡರು ಒಪ್ಪಲಿಲ್ಲ. ಊರು ಸುಟ್ಟಿತು, ಹಲವರು ನೇಣಿಗೇರಿದರು. ಅದು ಪರಕೀಯರು ತಮ್ಮ ಆಳ್ವಿಕೆಯ ಭಯಕ್ಕೆ ಮಾಡಿದ ಕಾಯಿದೆ. ವನ್ಯಜೀವಿಗಳನ್ನು ಉಳಿಸಲು ಬಂದ ಕಾಯಿದೆಗಳ ಕತೆ ಬೇರೆ.

1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ಆ ಸರ್ಕಾರ 1951ರಲ್ಲೇ ಕಾಡು ಪ್ರಾಣಿ, ಪಕ್ಷಿಗಳ ರಕ್ಷಣೆಗೆ ಕಾಯಿದೆ ಮಾಡಿತ್ತು. ಆಮೇಲೆ ಇಡೀ ದೇಶಕ್ಕೆ ಬಂದದ್ದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ. ಮೊದಮೊದಲು ಅದರಲ್ಲಿ ಪರವಾನಗಿ ಪಡೆದು ಕೆಲವು ಪ್ರಾಣಿಗಳನ್ನು ಬೇಟೆಯಾಡಲು ಅವಕಾಶವಿತ್ತು. ಸಣ್ಣ ಬೇಟೆಗೆ ಬೇರೆ, ದೊಡ್ಡ ಬೇಟೆಗೆ ಬೇರೆ ಪರವಾನಗಿ. "ನಮ್ಮಪ್ಪನ ಕಾಲದಾಗ ಲೈಸೆನ್ಸ್ ಇತ್ತು" ಎಂದು ಹಿರಿಯರು ಹೇಳಿದರೆ ಅದು ಸುಳ್ಳಲ್ಲ. ಆದರೆ 1991ರ ತಿದ್ದುಪಡಿ ಆ ಬಾಗಿಲನ್ನು ಮುಚ್ಚಿತು. ಅಂದಿನಿಂದ ಮನರಂಜನೆಯ ಬೇಟೆಗೆ ಈ ದೇಶದಲ್ಲಿ ಪರವಾನಗಿ ಎಂಬುದೇ ಇಲ್ಲ.

ಈ ಕಾಯಿದೆಯಲ್ಲಿ 'ಬೇಟೆ' ಎಂಬ ಪದದ ಅರ್ಥವನ್ನು ಓದುಗರು ಗಮನಿಸಬೇಕು. ಕೊಲ್ಲುವುದಷ್ಟೇ ಬೇಟೆಯಲ್ಲ. ಹಿಡಿಯುವುದು, ಬಲೆಯೊಡ್ಡುವುದು, ಅಟ್ಟುವುದು, ಆಮಿಷ ಒಡ್ಡುವುದು, ನಾಯಿ ಬಿಟ್ಟು ಬೆನ್ನಟ್ಟಿಸುವುದು ಎಲ್ಲವೂ ಬೇಟೆಯೇ. ಅಷ್ಟೇ ಏಕೆ, ಇವುಗಳ ಪ್ರಯತ್ನವೂ ಬೇಟೆಯೇ! ನಾಯಿ ಬರಿಗೈಯಲ್ಲಿ ಮರಳಿದರೂ, ಮೊಲ ಬದುಕಿ ಉಳಿದರೂ, ಬಿಟ್ಟವನ ತಪ್ಪು ತಪ್ಪೇ. ಪ್ರೀತಿಯಿಂದ ಹಿಡಿದು ಓಲೆ ಹಾಕಿ ಬಿಡುವವರೂ ಕಾನೂನಿನ ಕಣ್ಣಿಗೆ ಹೊರತಲ್ಲ. ಮೊಲವೂ ಕಾಯಿದೆಯ ಸಂರಕ್ಷಿತ ಪಟ್ಟಿಯಲ್ಲಿದೆ. ತೋಳ, ಕೃಷ್ಣಮೃಗ, ಚಿಂಕಾರಗಳಿಗಂತೂ ಮೊದಲನೆಯ ಅನುಸೂಚಿಯ ರಕ್ಷಣೆ.

ಶಿಕ್ಷೆಯನ್ನು 2022ರ ತಿದ್ದುಪಡಿ ಇನ್ನಷ್ಟು ಬಿಗಿ ಮಾಡಿತು. 2023ರ ಏಪ್ರಿಲ್ 1ರಿಂದ ಜಾರಿಯಾದ ಅದರಂತೆ ಸಾಮಾನ್ಯ ಅಪರಾಧಕ್ಕೆ 3 ವರ್ಷಗಳವರೆಗೆ ಸೆರೆ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಮೊದಲನೆಯ ಅನುಸೂಚಿಯ ಪ್ರಾಣಿಯಾದರೆ ಕನಿಷ್ಠ 3 ವರ್ಷ, ಹೆಚ್ಚೆಂದರೆ 7 ವರ್ಷ ಸೆರೆ, ಜೊತೆಗೆ ಕನಿಷ್ಠ 25,000 ರೂಪಾಯಿ ದಂಡ. ಒಂದು ಪೊಲೀಸ್ ಕೇಸು ಬಿದ್ದರೆ ಪಾಸ್‌ಪೋರ್ಟಿನ ತಪಾಸಣೆಗೂ ವೀಸಾ ಅರ್ಜಿಗೂ ತೊಡಕಾಗುತ್ತದೆ ಎಂಬುದನ್ನು ಪರದೇಶದ ಕನಸು ಕಾಣುವ ಹುಡುಗರು ಮರೆಯಬಾರದು. ಯುಗಾದಿಯ ಒಂದು ಮುಂಜಾನೆಯ ಮೋಜು ನಾಲ್ಕು ವರ್ಷದ ಓದಿಗೆ ಅಡ್ಡ ನಿಲ್ಲಬಹುದು.

ಗಡಿ ಭಾಗದಲ್ಲಿ ಇನ್ನೊಂದು ತಪ್ಪು ತಿಳಿವಳಿಕೆಗೂ ಆಸ್ಪದವಿದೆ. ನಿಪ್ಪಾಣಿಯಿಂದ ಕಾಗಲ ಕಡೆಗೆ, ಕಾಗವಾಡದಿಂದ ಮಿರಜ ಕಡೆಗೆ ನಾಲ್ಕು ಹೆಜ್ಜೆ ದಾಟಿದರೆ ಕಾನೂನು ಬದಲಾಗುತ್ತದೆ ಎಂದುಕೊಳ್ಳಬಾರದು. ಬಸ್ಸಿನ ಬೋರ್ಡು ಬದಲಾಗುತ್ತದೆ, ಕಾಯಿದೆ ಬದಲಾಗುವುದಿಲ್ಲ. ಇದು ಕೇಂದ್ರ ಕಾಯಿದೆ.

ಹಾಗಾದರೆ ಕಬ್ಬಿನ ಗದ್ದೆಗೆ ಹಂದಿ ನುಗ್ಗಿದರೆ ರೈತ ಕೈಕಟ್ಟಿ ಕೂಡಬೇಕೇ? ಇಲ್ಲ. ನಿಂತ ಬೆಳೆಗೆ ಅಪಾಯವಿದ್ದಾಗ ಎರಡನೆಯ ಅನುಸೂಚಿಯ ಪ್ರಾಣಿಯ ಬಗ್ಗೆ ಅಧಿಕಾರಿ ಲಿಖಿತ ಆದೇಶ ನೀಡಲು ಕಾಯಿದೆಯಲ್ಲಿ ಅವಕಾಶವಿದೆ. ಜೀವಕ್ಕೆ ಎರವಾದಾಗ ಆತ್ಮರಕ್ಷಣೆಗೆ ಮಾಡಿದ್ದೂ ಅಪರಾಧವಲ್ಲ. ಆದರೆ ಆದೇಶ ಮೊದಲು, ನಾಯಿ ಆಮೇಲೆ. "ನಾ ಹಿಡಿದ ಮೊಲಕ್ಕೆ ಮೂರೇ ಕಾಲು" ಎಂದು ವಾದಿಸಿದರೆ ಕೇಳುವವರಿಲ್ಲ.

ಬೇಟೆನಾಯಿಯ ತವರಾದ ಬಾಗಲಕೋಟೆ ಜಿಲ್ಲೆಯಲ್ಲೇ, ಮುಧೋಳ-ಬೀಳಗಿ ತಾಲ್ಲೂಕುಗಳಲ್ಲಿ, ಯಡಹಳ್ಳಿ ಚಿಂಕಾರ ವನ್ಯಧಾಮವಿದೆ. ಹಿಂದೆ ನಾಯಿಗಳು ಯಾವ ಪ್ರಾಣಿಯನ್ನು ಬೆನ್ನಟ್ಟುತ್ತಿದ್ದವೋ ಅದೇ ಪ್ರಾಣಿಗೆ ಈಗ ಅಲ್ಲಿ ಆಸರೆ. ಕಾಲ ತಿರುಗುವುದೆಂದರೆ ಇದೇ ಅಲ್ಲವೇ?

ಕಡಲಾಚೆಯ ಕಟ್ಟಳೆ

ಈಗ ಅಜ್ಜನ ಪ್ರಶ್ನೆಗೆ ಬರೋಣ. ಅಲ್ಲಿ ಹೊಲದಲ್ಲಿ ಬಿಟ್ಟರೆ ಏನು?

ಇಂಗ್ಲೆಂಡಿನಲ್ಲಿ ಗ್ರೇಹೌಂಡ್ ನಾಯಿಗಳನ್ನು ಮೊಲದ ಬೆನ್ನಿಗೆ ಬಿಡುವ 'ವಾಟರ್ಲೂ ಕಪ್' ಪಂದ್ಯ 1836ರಿಂದ ಹೆಸರುವಾಸಿಯಾಗಿತ್ತು. ಅದು ಕೊನೆಯ ಬಾರಿ ನಡೆದದ್ದು 2005ರ ಫೆಬ್ರವರಿಯಲ್ಲಿ. ಅದೇ ತಿಂಗಳ 18ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2004ರ ಬೇಟೆ ಕಾಯಿದೆ ಜಾರಿಗೆ ಬಂತು. ನಾಯಿ ಬಿಟ್ಟು ನರಿ, ಜಿಂಕೆ, ಮೊಲ ಮೊದಲಾದ ಕಾಡು ಪ್ರಾಣಿಗಳನ್ನು ಬೇಟೆಯಾಡುವುದು ಅಪರಾಧವಾಯಿತು. ಇಲಿ ಹಿಡಿಯುವುದು, ಬಿಲದ ಮೊಲ ಹಿಡಿಯುವುದು ಮುಂತಾದ ಕೆಲವು ವಿನಾಯಿತಿಗಳಿವೆ. ಅವಕ್ಕೂ ಜಮೀನಿನ ಒಡೆಯನ ಒಪ್ಪಿಗೆ ಬೇಕು. ತಪ್ಪು ಸಾಬೀತಾದರೆ ದಂಡವಷ್ಟೇ ಅಲ್ಲ, ನಾಯಿಯನ್ನೂ ವಾಹನವನ್ನೂ ಮುಟ್ಟುಗೋಲು ಹಾಕಿಕೊಳ್ಳಲು ನ್ಯಾಯಾಲಯಕ್ಕೆ ಅಧಿಕಾರವಿದೆ. 2022ರಲ್ಲಿ ನಿಯಮ ಮತ್ತೆ ಬಿಗಿಯಾಯಿತು. ಮೊಲ ಅಟ್ಟಿಸಲು ನಾಯಿಯೊಡನೆ ಪರರ ಹೊಲಕ್ಕೆ ಕಾಲಿಟ್ಟರೆ 6 ತಿಂಗಳವರೆಗೆ ಸೆರೆ. ವಶಪಡಿಸಿಕೊಂಡ ನಾಯಿಯ ಊಟ-ವಸತಿಯ ಖರ್ಚೂ ತಪ್ಪಿತಸ್ಥನ ತಲೆಗೇ. ಮುಂದೆ ನಾಯಿ ಸಾಕದಂತೆ ನಿಷೇಧವನ್ನೂ ಹೇರಬಹುದು. ಸ್ಕಾಟ್ಲೆಂಡ್ 2002ರಲ್ಲೇ ಕಾಯಿದೆ ಮಾಡಿ, 2023ರಲ್ಲಿ ಇನ್ನೂ ಕಠಿಣವಾದದ್ದನ್ನು ತಂದಿತು.

ಇಂಗ್ಲೆಂಡಿನವರು 2005ರಲ್ಲಿ ಮುಚ್ಚಿದ ಬಾಗಿಲನ್ನು ಭಾರತ 14 ವರ್ಷ ಮೊದಲೇ ಮುಚ್ಚಿತ್ತು ಎಂಬುದು ಹೆಮ್ಮೆಯ ಸಂಗತಿ. "ಆ ಕಾನೂನೆಲ್ಲ ಪರದೇಶದವರದು" ಎನ್ನುವವರು ಇದನ್ನು ನೆನಪಿಡಬೇಕು.

ಫ್ರಾನ್ಸಿನಲ್ಲಿ ಗ್ರೇಹೌಂಡ್ ಜಾತಿಯ ನಾಯಿಗಳಿಂದ ಬೇಟೆಯಾಡುವುದಕ್ಕೆ 1844ರ ಕಾಯಿದೆಯೇ ಅಡ್ಡ ಬಂದಿತು. ಜರ್ಮನಿಯ ಒಕ್ಕೂಟ ಬೇಟೆ ಕಾಯಿದೆಯ 19ನೇ ಕಲಮು ಬೆನ್ನಟ್ಟಿ ಬಳಲಿಸುವ ಬೇಟೆಯನ್ನು ನಿಷೇಧಿಸುತ್ತದೆ. ಹಾಗೆಂದು ಅಲ್ಲಿ ಬೇಟೆಯೇ ಇಲ್ಲವೆಂದಲ್ಲ. ಬಂದೂಕಿನ ಬೇಟೆ ಇದೆ, ಆದರೆ ಅದಕ್ಕೆ ಕಠಿಣ ಪರೀಕ್ಷೆ. ಪ್ರಾಣಿಶಾಸ್ತ್ರ, ಕಾನೂನು, ಆಯುಧ, ನಾಯಿಯ ಪಳಗಿಕೆ ಎಲ್ಲ ಓದಿ ಪಾಸಾಗಬೇಕು. ಜನ ಅದನ್ನು ತಮಾಷೆಗೆ 'ಹಸಿರು ಮೆಟ್ರಿಕ್' ಎಂಬರ್ಥದ ಹೆಸರಿನಿಂದ ಕರೆಯುತ್ತಾರೆ. ಬೇಟೆಯ ಹಕ್ಕು ಜಮೀನಿಗೆ ಸೇರಿದ್ದು. ಸತ್ತ ಜಿಂಕೆಯ ಬಾಯಿಗೆ ಹಸಿರು ಟೊಂಗೆಯಿಟ್ಟು 'ಕೊನೆಯ ತುತ್ತು' ಎಂದು ಗೌರವ ತೋರಿಸುವ ಪದ್ಧತಿ ಅಲ್ಲಿಯದು. ಕೊಂಬೂದಿ ಬೇಟೆ ಮುಗಿಸುತ್ತಾರೆ. ಅಂಥ ಶಿಸ್ತಿನ ನಡುವೆ ಹಗ್ಗವಿಲ್ಲದ ನಾಯಿ ಜಿಂಕೆಯ ಹಿಂದೆ ಓಡಿದರೆ ಅದನ್ನು ಕಳ್ಳಬೇಟೆಯ ನಾಯಿ ಎಂದೇ ಎಣಿಸುತ್ತಾರೆ. ಕೆಲವು ರಾಜ್ಯಗಳಲ್ಲಿ ಅಂಥ ನಾಯಿಗೆ ಗುಂಡಿಕ್ಕಲು ಷರತ್ತಿನ ಮೇಲೆ ಬೇಟೆಗಾರನಿಗೆ ಅಧಿಕಾರವೂ ಉಂಟು.

ಎಲ್ಲ ದೇಶಗಳೂ ಒಂದೇ ದಾರಿಯಲ್ಲಿಲ್ಲ. ಐರ್ಲೆಂಡಿನಲ್ಲಿ ಪರವಾನಗಿಯ ಮೇಲೆ ಮೊಲದ ಪಂದ್ಯ ಇನ್ನೂ ನಡೆಯುತ್ತದೆ. ಆದರೆ 1993ರಿಂದ ನಾಯಿಗಳಿಗೆ ಬಾಯಿಕುಕ್ಕೆ ಕಡ್ಡಾಯ. ಪಕ್ಕದ ಉತ್ತರ ಐರ್ಲೆಂಡಿನಲ್ಲಿ ಅದೂ ನಿಷಿದ್ಧ. ಸ್ಪೇನಿನಲ್ಲಿ ಗಾಲ್ಗೊ ನಾಯಿಗಳ ಮೊಲದ ಬೇಟೆ ಪರವಾನಗಿಯ ಮೇಲೆ ಉಳಿದಿದೆ. ಅಮೆರಿಕದಲ್ಲಿ ರಾಜ್ಯಕ್ಕೊಂದು ನಿಯಮ. ಒಂದು ರಾಜ್ಯದಲ್ಲಿ ಲೈಸೆನ್ಸ್ ಪಡೆದು ಮಾಡಬಹುದಾದ್ದು ಪಕ್ಕದ ರಾಜ್ಯದಲ್ಲಿ ಜೈಲಿನ ದಾರಿ. ನಿಪ್ಪಾಣಿಯ ಗಡಿಯಂತಲ್ಲ ಅದು. ಅಲ್ಲಿ ಬೋರ್ಡಿನ ಜೊತೆ ಕಾಯಿದೆಯೂ ಬದಲಾಗುತ್ತದೆ.

ಬೇಟೆಯ ಆಸೆಯೇ ಇಲ್ಲದಿದ್ದರೆ?

"ಬ್ಯಾಟಿ ಮಾಡಸಾಕ ಯಾರು ಒಯ್ತಾರ, ಜೀವಾ ಹಚ್ಚೇತಿ ಅಂತ ಒಯ್ತಾರ" ಎಂದು ಅವ್ವ ಅಂದಾಳು. ನಿಜ. ಆದರೆ ಒಡೆಯನಿಗೆ ಬೇಟೆಯ ಆಸೆ ಇಲ್ಲದಿದ್ದರೂ ನಾಯಿಯ ಕಣ್ಣಿಗೆ ಅದು ಗೊತ್ತಿಲ್ಲ. ಕೈತಪ್ಪಿ ಓಡಿದ ನಾಯಿಗೂ ಬೇಕೆಂದೇ ಬಿಟ್ಟ ನಾಯಿಗೂ ಕಾನೂನು ವ್ಯತ್ಯಾಸ ಮಾಡುತ್ತದೆ. ಬೇಟೆಯ ಅಪರಾಧಕ್ಕೆ ಉದ್ದೇಶ ಬೇಕು. ಆದರೆ ಕುರಿಯ ವಿಷಯದಲ್ಲಿ ಈ ರಿಯಾಯಿತಿ ಇಲ್ಲ. ಇಂಗ್ಲೆಂಡಿನಲ್ಲಿ ಕುರಿ, ದನಗಳಿಗೆ ನಾಯಿ ಕಾಟ ಕೊಟ್ಟರೆ 1953ರ ಕಾಯಿದೆಯಂತೆ ಒಡೆಯ ಹೊಣೆ. ಬೇರೆ ದಾರಿಯೇ ಇಲ್ಲದಾಗ ರೈತ ನಾಯಿಗೆ ಗುಂಡು ಹೊಡೆದರೂ ಕಾನೂನು ಅವನ ಬೆನ್ನಿಗಿರಬಹುದು. ತೋಳದಿಂದ ಕುರಿ ಕಾಯುವ ನಮ್ಮ ಕುರುಬರಿಗೆ ಈ ನಿಯಮದ ನ್ಯಾಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಕ್ಕಿಗಳು ನೆಲದ ಮೇಲೆ ಗೂಡು ಕಟ್ಟುವ ಕಾಲದಲ್ಲಂತೂ ಕಟ್ಟುನಿಟ್ಟು ಹೆಚ್ಚು. ಇಂಗ್ಲೆಂಡಿನಲ್ಲಿ ಸಾರ್ವಜನಿಕರಿಗೆ ನಡೆದಾಡಲು ತೆರೆದ ಬಯಲುಗಳಲ್ಲಿ ಮಾರ್ಚ್ 1ರಿಂದ ಜುಲೈ 31ರವರೆಗೆ ನಾಯಿಯ ಹಗ್ಗ 2 ಮೀಟರಿಗಿಂತ ಉದ್ದ ಇರಕೂಡದು. ಜರ್ಮನಿಯ ಲೋವರ್ ಸ್ಯಾಕ್ಸನಿ ರಾಜ್ಯದಲ್ಲಿ ಏಪ್ರಿಲ್ 1ರಿಂದ ಜುಲೈ 15ರವರೆಗೆ ಬಯಲಲ್ಲೂ ಕಾಡಲ್ಲೂ ಹಗ್ಗ ಕಡ್ಡಾಯ. ಜರ್ಮನಿಯ ಊರುಗಳಲ್ಲಿ ನಾಯಿ ಸಾಕಿದ್ದಕ್ಕೆ ಪುರಸಭೆಗೆ ತೆರಿಗೆ ಕಟ್ಟಬೇಕು. ರಸ್ತೆಯಲ್ಲಿ ನಾಯಿ ಹೊಲಸು ಮಾಡಿದರೆ ಒಡೆಯನೇ ಚೀಲದಲ್ಲಿ ಎತ್ತಬೇಕು. ಊರಲ್ಲಿ ಸ್ವಚ್ಛಂದವಾಗಿ ತಿರುಗಿದ ನಾಯಿಗೂ, ಅದನ್ನು ಸಾಕಿದ ಹುಡುಗನಿಗೂ ಇದು ಹೊಸ ಪಾಠ.

ಕಾಗದಪತ್ರದ ದಾರಿ

ಇಷ್ಟೆಲ್ಲ ತಿಳಿದೂ ಒಯ್ಯಲೇಬೇಕೆಂದರೆ ತಯಾರಿ ಬೇಗ ಶುರುವಾಗಬೇಕು. ಭಾರತದಲ್ಲಿ ಹುಚ್ಚುನಾಯಿ ರೋಗ, ಅಂದರೆ ರೇಬಿಸ್, ಇನ್ನೂ ಇರುವುದರಿಂದ ಎಲ್ಲ ದೇಶಗಳೂ ಇಲ್ಲಿನ ನಾಯಿಗಳನ್ನು ಎಚ್ಚರದಿಂದ ನೋಡುತ್ತವೆ.

ಬ್ರಿಟನ್‌ಗಾಗಲಿ ಯುರೋಪಿನ ಒಕ್ಕೂಟದ ದೇಶಗಳಿಗಾಗಲಿ ಹೋಗುವ ನಾಯಿಗೆ ಮೊದಲು ಚರ್ಮದಡಿ 15 ಅಂಕಿಗಳ ಮೈಕ್ರೋಚಿಪ್ ಹಾಕಿಸಬೇಕು. ಆಮೇಲೆ ರೇಬಿಸ್ ಲಸಿಕೆ. ಈ ಕ್ರಮ ತಪ್ಪಿದರೆ ಲಸಿಕೆ ಲೆಕ್ಕಕ್ಕಿಲ್ಲ. ಲಸಿಕೆಯಾಗಿ ಕನಿಷ್ಠ 30 ದಿನದ ಮೇಲೆ ರಕ್ತ ತೆಗೆದು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳಿಸಬೇಕು. ರೋಗನಿರೋಧಕ ಶಕ್ತಿ ಪ್ರತಿ ಮಿಲಿಲೀಟರಿಗೆ 0.5 ಘಟಕಕ್ಕಿಂತ ಕಡಿಮೆ ಇರಕೂಡದು. ರಕ್ತ ತೆಗೆದ ದಿನದಿಂದ ಮತ್ತೆ 3 ತಿಂಗಳು ಕಾಯಬೇಕು. ಅಲ್ಲಿಗೆ ನಾಲ್ಕು ತಿಂಗಳಾಯಿತು. ಬ್ರಿಟನ್‌ಗೆ ವಿಮಾನದಲ್ಲಿ ನಾಯಿ ಬರುವುದು ಸರಕಿನ ವಿಭಾಗದಲ್ಲೇ. ಹೊರಡುವ ಮುನ್ನ ಕೇಂದ್ರ ಸರ್ಕಾರದ ಪ್ರಾಣಿ ಕ್ವಾರಂಟೈನ್ ಕಚೇರಿಯಿಂದ ಪ್ರಮಾಣಪತ್ರ ಪಡೆಯಬೇಕು. ಈ ಸೀಮೆಯವರಿಗೆ ಮುಂಬಯಿ ಅಥವಾ ಬೆಂಗಳೂರಿನ ಕಚೇರಿ ಅನುಕೂಲ.

ಅಮೆರಿಕ 2024ರ ಆಗಸ್ಟ್ 1ರಿಂದ ನಿಯಮ ಬಿಗಿ ಮಾಡಿದೆ. ನಾಯಿಗೆ ಕನಿಷ್ಠ 6 ತಿಂಗಳು ತುಂಬಿರಬೇಕು, ಮೈಕ್ರೋಚಿಪ್ ಇರಬೇಕು. ರೇಬಿಸ್ ಅಪಾಯ ಹೆಚ್ಚಿರುವ ದೇಶಗಳ ಪಟ್ಟಿಯಲ್ಲಿ ಭಾರತವೂ ಇರುವುದರಿಂದ ಹೆಚ್ಚಿನ ದಾಖಲೆ ಬೇಕು. ಆಸ್ಟ್ರೇಲಿಯಾಕ್ಕಂತೂ ಭಾರತದಿಂದ ನೇರವಾಗಿ ನಾಯಿ ಒಯ್ಯಲು ಬರುವುದಿಲ್ಲ. ಅವರು ಒಪ್ಪಿದ ಮೂರನೆಯ ದೇಶದಲ್ಲಿ ತಂಗಿ ಹೋಗಬೇಕು. ಇಂಥ ನಿಯಮಗಳು ಆಗಾಗ ಬದಲಾಗುವುದರಿಂದ, ಟಿಕೆಟ್ ತೆಗೆಸುವ ಮೊದಲು ಆಯಾ ದೇಶದ ಸರ್ಕಾರಿ ಪ್ರಕಟಣೆಯನ್ನು ನೋಡಿಯೇ ಮುಂದುವರಿಯುವುದು ಜಾಣತನ.

ಒಯ್ಯಬೇಕೋ, ಬಿಡಬೇಕೋ?

ವಿದ್ಯಾರ್ಥಿಯಾಗಿ ಹೋಗುವವನಿಗೆ ಪ್ರಾಮಾಣಿಕ ಉತ್ತರ ಒಂದೇ: ಬಿಟ್ಟು ಹೋಗುವುದು ಲೇಸು. ವಿದ್ಯಾರ್ಥಿಗಳ ವಸತಿಗೃಹಗಳಲ್ಲಿ ನಾಯಿಗೆ ಸಾಮಾನ್ಯವಾಗಿ ಪ್ರವೇಶವಿಲ್ಲ. ದಿನವಿಡೀ ಓದು, ಸಂಜೆ ಅರೆಕಾಲಿಕ ಕೆಲಸ. ಮೈಲುಗಟ್ಟಲೆ ಓಡಿ ಬೆಳೆದ ನಾಯಿ ಹತ್ತು-ಹನ್ನೆರಡು ಅಡಿಯ ಕೋಣೆಯಲ್ಲಿ ಕೊರಗುತ್ತದೆ. ಕೂದಲು ಕಡಿಮೆ ಇರುವ ಈ ತಳಿಗೆ ಅಲ್ಲಿನ ಚಳಿಯೂ ಕಷ್ಟ. ನೌಕರಿ ಹಿಡಿದು, ಸಂಸಾರ ಹೂಡಿ, ಅಂಗಳವಿರುವ ಮನೆ ಮಾಡಿದವರ ಮಾತು ಬೇರೆ.

ಹಾಗೆ ಒಯ್ದವರಿಗೆ ಅಲ್ಲಿ ಒಳ್ಳೆಯ ದಾರಿಯೂ ಇದೆ. ಯುರೋಪು, ಅಮೆರಿಕಗಳಲ್ಲಿ ಓಟದ ನಾಯಿಗಳಿಗಾಗಿಯೇ ಕೂಟಗಳಿವೆ. ಬಯಲಿನಲ್ಲಿ ದಾರ ಹಾಸಿ, ತುದಿಗೆ ಪ್ಲಾಸ್ಟಿಕ್ ಚೀಲವನ್ನೋ ಬಟ್ಟೆಯನ್ನೋ ಕಟ್ಟಿ ಯಂತ್ರದಿಂದ ಸರಸರನೆ ಎಳೆಯುತ್ತಾರೆ. ಮೊಲದಂತೆ ಅಂಕುಡೊಂಕಾಗಿ ಓಡುವ ಆ ಚೀಲವನ್ನು ನಾಯಿ ಜೀವ ಬಿಟ್ಟು ಬೆನ್ನಟ್ಟುತ್ತದೆ. ಓಟದ ಹಸಿವೂ ತೀರಿತು, ಒಂದು ಜೀವವೂ ಉಳಿಯಿತು. ಇದನ್ನು ನೋಡಲು ಪರದೇಶಕ್ಕೇ ಹೋಗಬೇಕೆಂದೇನೂ ಇಲ್ಲ. ಜಾತ್ರೆಗಳ ನಾಯಿ ಓಟದಲ್ಲಿ ಜೀವಂತ ಪ್ರಾಣಿಯ ಬದಲು ಇಂಥ ಚೀಲವನ್ನು ಎಳೆಯುವ ಯಂತ್ರ ಕಟ್ಟುವುದು ಈ ಸೀಮೆಯ ಪಾಲಿಟೆಕ್ನಿಕ್ ಹುಡುಗರಿಗೆ ದೊಡ್ಡ ಕೆಲಸವೇನಲ್ಲ!

ಮನೆಯಲ್ಲಿ ಬಿಟ್ಟು ಹೋಗುವವರೂ ಹೊಣೆಯನ್ನು ಬಿಟ್ಟು ಹೋಗುವಂತಿಲ್ಲ. ಯಾರು ಊಟ ಹಾಕುವವರು, ಯಾರು ದಿನಾ ಓಡಾಡಿಸುವವರು, ವರ್ಷ ವರ್ಷ ರೇಬಿಸ್ ಲಸಿಕೆ ಯಾರು ಹಾಕಿಸುವವರು ಎಂಬುದು ಹೊರಡುವ ಮುನ್ನವೇ ಗೊತ್ತಾಗಬೇಕು. ಎಲ್ಲಕ್ಕಿಂತ ಮುಖ್ಯ, ಹಬ್ಬದ ದಿನ ನೆರೆಯವರು ಬಂದು "ನಿಮ್ಮ ನಾಯಿ ಕೊಡ್ರಿ, ಹೊಲದ ಕಡೆ ಹೋಗಿ ಬರ್ತೀವಿ" ಎಂದರೆ ಇಲ್ಲ ಎನ್ನುವ ಗಟ್ಟಿತನ ಮನೆಯವರಿಗೆ ಇರಬೇಕು. ಮಗ ಕಾನೂನು ಪಾಲಿಸುವ ದೇಶದಲ್ಲಿ ಹಗ್ಗ ಹಿಡಿದು ನಡೆಯುತ್ತಿರುವಾಗ ಅಪ್ಪ ಊರಲ್ಲಿ ಹಗ್ಗ ಬಿಚ್ಚಿದರೆ ಹೇಗೆ?

ನಾಯಿ ಓಡುವುದು ಅದರ ಗುಣ. ಅದರಲ್ಲಿ ಪಾಪವೂ ಇಲ್ಲ, ಪುಣ್ಯವೂ ಇಲ್ಲ. ಕಾನೂನು ಯಾವ ದೇಶದ್ದಾದರೂ ನಾಯಿಯನ್ನು ಕಟಕಟೆಗೆ ಕರೆಯುವುದಿಲ್ಲ, ಹಗ್ಗ ಹಿಡಿದ ಕೈಯನ್ನು ಕರೆಯುತ್ತದೆ. ಅಥಣಿಯ ಬದುವಿನ ಮೇಲೆ ಆ ಕೈ ಗಟ್ಟಿಯಾದರೆ, ಅದು ಕಡಲಾಚೆ ನಡುಗಬೇಕಾಗಿಲ್ಲ.

ಮುಂಜಾವಿನ ಹೊಲದಲ್ಲಿ ಅಜ್ಜ ಈಗಲೂ ನಾಯಿಯೊಡನೆ ಹೋಗಲಿ. ಬದುವಿನಲ್ಲಿ ಮೊಲ ಚಿಮ್ಮಲಿ, ನಾಯಿ ಕಿವಿ ನಿಮಿರಿಸಲಿ. ಅಜ್ಜ ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡು, "ಹೋಗ್ಲಿ ಬಿಡೋ, ಅದರ ಹಾದಿ ಅದಕ್ಕ" ಎಂದರೆ ಸಾಕು. ಮೊಮ್ಮಗ ಪರದೇಶಕ್ಕೆ ಒಯ್ಯಬೇಕಾದ ಪಾಠವೂ ಅಷ್ಟೇ.